ದೋಣಿ ಮೋಟಾರು ವಾಹನವಲ್ಲ: ಜಲ ದುರಂತದ ಪರಿಹಾರ ತೀರ್ಪಿನ ಮೇಲೆ ಅಪೀಲು ಹೋಗುವ ಮುನ್ನ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಿಯ ಕೋರ್ಟಿನ ಆವರಣದಲ್ಲಿ ಕೇಳಿದರೂ ಎಂ.ವಿ.ಸಿ. ಕೇಸು (ವಾಹನ ಅಪಘಾತ ಪರಿಹಾರದ ಕೇಸು) ಎಂದರೇನೆಂದು ಚಹಾದಂಗಡಿಯವರೂ ಹೇಳಿಯಾರು. ಲಾರಿ ಹಾಯ್ದು ಸತ್ತವರ ಮನೆಯವರು ಟ್ರಿಬ್ಯೂನಲ್‌ಗೆ ಹೋಗುತ್ತಾರೆ. ಪರಿಹಾರ ಕಡಿಮೆ ಬಂತೆನಿಸಿದರೆ ಹೈಕೋರ್ಟಿನಲ್ಲಿ ಎಂ.ಎಫ್.ಎ. ಎಂಬ ಅಪೀಲು ಹಾಕುತ್ತಾರೆ. ಅದು ತುಳಿದು ಸವೆದ ದಾರಿ. ದೋಣಿ ಮಗುಚಿ ಸತ್ತವರ ಮನೆಯವರೂ ಅದೇ ದಾರಿ ತಮಗೂ ಇದೆ ಅಂದುಕೊಳ್ಳುತ್ತಾರೆ, ಅಲ್ಲಿಯೇ ಎಡವುತ್ತಾರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರು ವಾಹನ ಎಂದರೆ ರಸ್ತೆಯ ಮೇಲೆ ಓಡಲು ತಕ್ಕಂತೆ ಮಾಡಿದ ಯಂತ್ರಚಾಲಿತ ಗಾಡಿ. ಎಂಜಿನ್ ಇದ್ದರೂ ದೋಣಿ ಅದರೊಳಗೆ ಬರುವುದಿಲ್ಲ. ಹಾಗಾಗಿ ಟ್ರಿಬ್ಯೂನಲ್ ಇಲ್ಲ, ತಪ್ಪು ಯಾರದೆಂದು ತೋರಿಸದೆಯೇ ಸಿಗುವ 5 ಲಕ್ಷ ರೂಪಾಯಿ ಇಲ್ಲ, ಎಂ.ಎಫ್.ಎ. ಕೂಡ ಇಲ್ಲ. ಈ ವ್ಯತ್ಯಾಸ ಅಪೀಲಿನ ಗಡುವು, ಶುಲ್ಕ, ಠೇವಣಿ, ಕೇಳಬಹುದಾದ ಮೊತ್ತ ಎಲ್ಲದರ ಮೇಲೂ ಬೀಳುತ್ತದೆ.

ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಮಾಹಿತಿ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದರಲ್ಲಿ ಬಹುಪಾಲು ಅಮೆರಿಕದ್ದು. ಅಲ್ಲಿ ಜ್ಯೂರಿ ತೀರ್ಪು ಕೊಡುತ್ತದೆ, ಸಂಗತಿಗಳ ಬಗ್ಗೆ ಜ್ಯೂರಿ ಹೇಳಿದ್ದನ್ನು ಮೇಲಿನ ಕೋರ್ಟು ಅಷ್ಟು ಸುಲಭವಾಗಿ ಅಲುಗಿಸುವುದಿಲ್ಲ. ನಮ್ಮಲ್ಲಿ ಮೊದಲ ಅಪೀಲು ಎಂದರೆ ಇಡೀ ಪ್ರಕರಣದ ಮರುವಿಚಾರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನ ಕೆಳಗೆ ಬರುವ ಅಪೀಲಿನಲ್ಲಿ ಸಾಕ್ಷ್ಯವನ್ನೂ ಕಾನೂನನ್ನೂ ಮತ್ತೆ ತೂಗಿ ನೋಡುವುದು ಮೇಲಿನ ಕೋರ್ಟಿನ ಕರ್ತವ್ಯ. ದೋಣಿಯಲ್ಲಿ ಎಷ್ಟು ಜನ ಇದ್ದರು, ಲೈಫ್ ಜಾಕೆಟ್ ಕೊಟ್ಟಿದ್ದರೋ ಇಲ್ಲವೋ ಎಂಬಂಥ ಪ್ರಶ್ನೆಗಳಿಗೆ ಇದೇ ಕೊನೆಯ ಅಂಗಳ. ಇದರಾಚೆ ಹೋದರೆ ಕಾನೂನಿನ ಪ್ರಶ್ನೆ ಮಾತ್ರ ಉಳಿಯುತ್ತದೆ.

ಯಾವ ಕೋರ್ಟಿನ ತೀರ್ಪು, ಎಲ್ಲಿಗೆ ಅಪೀಲು

ನಮ್ಮ ಜನ ದೋಣಿ ಹತ್ತುವುದು ಉಣಕಲ್ ಕೆರೆಯಲ್ಲೋ ಗದಗಿನ ಭೀಷ್ಮ ಕೆರೆಯಲ್ಲೋ ಮಾತ್ರವಲ್ಲ. ದಾಂಡೇಲಿಯ ಕಾಳಿ ನದಿ, ಕಾರವಾರ, ಗೋವಾ ಇವೆಲ್ಲ ಒಂದು ದಿನದ ಪ್ರವಾಸದ ದೂರದಲ್ಲಿವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ಸತ್ತಾಗ ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು. ಇಂಥ ಪ್ರಕರಣದಲ್ಲಿ ಸಿವಿಲ್ ದಾವೆ ಹೂಡಬೇಕಾದದ್ದು ದುರಂತ ನಡೆದ ಊರಿನ ಅಥವಾ ಪ್ರತಿವಾದಿ ಇರುವ ಊರಿನ ಕೋರ್ಟಿನಲ್ಲಿ. ಸತ್ತವರ ಮನೆ ಹಾವೇರಿಯಲ್ಲಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಾರವಾರದ ತೀರ್ಪಿನ ಅಪೀಲು ಹೈಕೋರ್ಟಿಗೆ ಹೋಗುವಂಥದ್ದಾದರೆ ಅದು ಬರುವುದು ಧಾರವಾಡ ಪೀಠಕ್ಕೇ, ಏಕೆಂದರೆ ಉತ್ತರ ಕನ್ನಡವೂ ಈ ಪೀಠದ ವ್ಯಾಪ್ತಿಯಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಈ ಪೀಠ ಇಲ್ಲದಿದ್ದರೆ ಪ್ರತಿ ತಾರೀಖಿಗೂ ಬೆಂಗಳೂರಿನ ರಾತ್ರಿ ಬಸ್ಸೇ ಗತಿಯಾಗಿತ್ತು. ಗೋವಾದಲ್ಲಿ ನಡೆದ ದುರಂತದ ಸಿವಿಲ್ ತೀರ್ಪು ಮಾತ್ರ ಇಲ್ಲಿಗೆ ಬಾರದು. ಅದು ಬಾಂಬೆ ಹೈಕೋರ್ಟಿನ ಗೋವಾ ಪೀಠದ ಹಾದಿ.

ಗ್ರಾಹಕ ಆಯೋಗದ ದಾರಿ ಬೇರೆ. ಟಿಕೆಟ್ ಕೊಂಡಿದ್ದರೆ, ರೆಸಾರ್ಟಿನ ಪ್ಯಾಕೇಜಿನಲ್ಲಿ ದೋಣಿ ವಿಹಾರವೂ ಸೇರಿದ್ದರೆ ಅದು ಹಣ ಕೊಟ್ಟು ಪಡೆದ ಸೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸತ್ತ ಗ್ರಾಹಕರ ವಾರಸುದಾರರು ದೂರು ಕೊಡಬಹುದು, ಅದೂ ತಾವು ವಾಸಿಸುವ ಜಿಲ್ಲೆಯಲ್ಲಿಯೇ. ದುರಂತ ಗೋವಾದ್ದಾದರೂ ದೂರು ಧಾರವಾಡ ಜಿಲ್ಲಾ ಆಯೋಗದಲ್ಲಿ ನಡೆಯಬಲ್ಲದು. ಅಪೀಲು ಆಗ ರಾಜ್ಯ ಆಯೋಗಕ್ಕೆ ಹೋಗುತ್ತದೆ.

ಸಿವಿಲ್ ದಾವೆಯ ಬುಡದಲ್ಲಿರುವುದು 1855ರ ಮಾರಕ ಅಪಘಾತಗಳ ಕಾಯ್ದೆ. ಬ್ರಿಟಿಷರ ಕಾಲದ್ದು, ಕೆಲವೇ ಕಲಮುಗಳ ಪುಟ್ಟ ಕಾಯ್ದೆ. ಅದರಲ್ಲಿ ಪರಿಹಾರ ಸಿಗುವುದು ಗಂಡ ಅಥವಾ ಹೆಂಡತಿ, ತಂದೆ-ತಾಯಿ ಮತ್ತು ಮಕ್ಕಳಿಗೆ. ಅಜ್ಜ-ಅಜ್ಜಿ, ಮೊಮ್ಮಕ್ಕಳು, ಮಲಮಕ್ಕಳೂ ಆ ಪದಗಳೊಳಗೆ ಬರುತ್ತಾರೆ. ಅಣ್ಣ-ತಮ್ಮ, ಅಕ್ಕ-ತಂಗಿಯರು ಬರುವುದಿಲ್ಲ. ಅಣ್ಣನೊಬ್ಬನ ಹೆಸರಿನಲ್ಲೇ ಹಾಕಿದ ದಾವೆ ವಜಾ ಆಗಿದ್ದರೆ ಅಪೀಲಿನಲ್ಲಿ ಆ ತೀರ್ಪು ತಿರುಗುವುದು ದೂರದ ಮಾತು. ಇನ್ನೊಂದು ಸಂಗತಿ ಇದಕ್ಕಿಂತ ಕಠಿಣ. ದಾವೆ ಹೂಡಲು ಸಾವಿನ ದಿನದಿಂದ 2 ವರ್ಷ ಮಾತ್ರ ಕಾಲಾವಕಾಶ. ಪೊಲೀಸ್ ಕೇಸು ಮುಗಿಯಲಿ ಎಂದು ಕಾದು ಕೂತು ಮೂರನೆಯ ವರ್ಷ ದಾವೆ ಹೂಡಿ, ಅವಧಿ ಮೀರಿದೆಯೆಂದು ಸೋತು ಅಪೀಲಿಗೆ ಬಂದವರಿಗೆ ಹೇಳಲು ಹೆಚ್ಚೇನಿಲ್ಲ. ಕಾಲಮಿತಿ ಕಾಯ್ದೆಯಲ್ಲಿ ವಿಳಂಬ ಮನ್ನಿಸುವ 5ನೇ ಕಲಮು ಅಪೀಲಿಗೂ ಅರ್ಜಿಗೂ ಅನ್ವಯಿಸುತ್ತದೆ, ದಾವೆಗೆ ಅನ್ವಯಿಸುವುದಿಲ್ಲ. ಆ ಸಮಯ ಪ್ರಾಮಾಣಿಕವಾಗಿ ತಪ್ಪು ವೇದಿಕೆಯಲ್ಲಿ, ಉದಾಹರಣೆಗೆ ಗ್ರಾಹಕ ಆಯೋಗದಲ್ಲಿ, ಕಳೆದದ್ದಾದರೆ ಅಷ್ಟು ದಿನಗಳನ್ನು ಅದೇ ಕಾಯ್ದೆಯ 14ನೇ ಕಲಮಿನಡಿ ಲೆಕ್ಕದಿಂದ ಬಿಡಲು ಕೇಳಬಹುದು. ಕೆಳ ಕೋರ್ಟಿನಲ್ಲಿ ಇದನ್ನು ಎತ್ತಿದ್ದರೆ ಅಪೀಲಿನಲ್ಲೂ ಎತ್ತಬೇಕು.

ದಿನಗಳ ಲೆಕ್ಕ

ಹೈಕೋರ್ಟಿಗೆ ಹೋಗುವ ಸಿವಿಲ್ ಅಪೀಲಿಗೆ ಡಿಕ್ರಿಯ, ಅಂದರೆ ತೀರ್ಪಿನ ಅಂತಿಮ ಆಜ್ಞೆಯ, ದಿನದಿಂದ 90 ದಿನ, ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದಕ್ಕೆ 30 ದಿನ. ಎರಡರಲ್ಲಿ ಯಾವುದು ಎಂಬುದನ್ನು ನಿರ್ಧರಿಸುವುದು ದಾವೆಯ ಮೌಲ್ಯ. ಕೋರ್ಟು ಕೊಟ್ಟ ಮೊತ್ತ ಎಷ್ಟು ಎಂಬುದು ಇಲ್ಲಿ ಮುಖ್ಯವಲ್ಲ. ಹೈಕೋರ್ಟಿಗೆ ಅಂದುಕೊಂಡು 90 ದಿನ ನಿಶ್ಚಿಂತೆಯಾಗಿದ್ದು, ಅದು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕಿತ್ತು ಎಂದು ತಿಳಿಯುವ ಹೊತ್ತಿಗೆ ಎರಡು ತಿಂಗಳು ದಾಟಿರುತ್ತದೆ.

ತೀರ್ಪು-ಡಿಕ್ರಿಯ ದೃಢೀಕೃತ ನಕಲಿನ ಲೆಕ್ಕದಲ್ಲೂ ಜನ ಮೋಸ ಹೋಗುತ್ತಾರೆ. ಜೂನ್ 10ಕ್ಕೆ ಡಿಕ್ರಿ ಆಯಿತೆನ್ನಿ. 90ನೇ ದಿನ ಸೆಪ್ಟೆಂಬರ್ 8. ಜೂನ್ 17ಕ್ಕೆ ನಕಲಿನ ಅರ್ಜಿ ಕೊಟ್ಟು ಜುಲೈ 8ಕ್ಕೆ ನಕಲು ತಯಾರಾಗಿದ್ದರೆ ಆ 22 ದಿನ ಲೆಕ್ಕದಿಂದ ಬಿಟ್ಟುಹೋಗುತ್ತವೆ, ಗಡುವು ಸೆಪ್ಟೆಂಬರ್ 30ಕ್ಕೆ ಹೋಗುತ್ತದೆ. ತಯಾರಾದ ನಕಲನ್ನು ಆಗಸ್ಟಿನಲ್ಲಿ ನಿಧಾನಕ್ಕೆ ಹೋಗಿ ತಂದರೆ ಆ ದಿನಗಳು ನಿಮ್ಮ ಖಾತೆಗೇ ಬೀಳುತ್ತವೆ. ಗಡುವು ಮುಗಿದ ಮೇಲೆ ಅರ್ಜಿ ಕೊಟ್ಟರಂತೂ ಒಂದು ದಿನವೂ ಸಿಗದು. ನಕಲಿನ ಹಿಂಬದಿಯ ಮುದ್ರೆಯಲ್ಲಿ ಅರ್ಜಿ ಕೊಟ್ಟ ದಿನ, ತಯಾರಾದ ದಿನ, ಕೊಟ್ಟ ದಿನ ಬರೆದಿರುತ್ತಾರೆ. ವಕೀಲರ ಕಚೇರಿಗೆ ಹೋಗುವ ಮೊದಲು ಮನೆಯವರೇ ಅದನ್ನು ಓದಿಕೊಳ್ಳುವುದು ಒಳ್ಳೆಯದು. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನೂ ಅಫಿಡವಿಟ್ಟನ್ನೂ ಅಪೀಲಿನ ಜೊತೆಗೇ ಕೊಡಬೇಕು. ಅದರಲ್ಲಿ "ಅನಿವಾರ್ಯ ಕಾರಣಗಳಿಂದ" ಎಂಬ ಒಂದು ಸಾಲು ಸಾಲದು. ಯಾವ ತಾರೀಖಿನಿಂದ ಯಾವ ತಾರೀಖಿಗೆ ಏನು ಅಡ್ಡ ಬಂತು, ಅದಕ್ಕೆ ಕಾಗದ ಏನಿದೆ ಎಂಬುದು ಬೇಕು.

ಗ್ರಾಹಕ ಆಯೋಗದ ಆದೇಶಕ್ಕೆ 45 ದಿನ.

ಶುಲ್ಕ ಉಳಿಸಲು ಹೋಗಿ ಕಳೆದುಕೊಳ್ಳುವುದು

ಎಂ.ವಿ.ಸಿ. ಕೇಸಿನಲ್ಲಿ ಅರ್ಜಿದಾರರು 10 ಲಕ್ಷ ಕೇಳಿದ್ದರೂ ಸಾಕ್ಷ್ಯ 15 ಲಕ್ಷಕ್ಕೆ ಇದ್ದರೆ ಅಷ್ಟನ್ನೂ ಕೊಡಬಹುದು ಎಂದು ಸುಪ್ರೀಂ ಕೋರ್ಟು ನಾಗಪ್ಪ ಪ್ರಕರಣದಲ್ಲಿ 2002ರಷ್ಟು ಹಿಂದೆಯೇ ಹೇಳಿದೆ. ಸಿವಿಲ್ ದಾವೆಯಲ್ಲಿ ಆ ಸೌಲಭ್ಯ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚು ಸಾಮಾನ್ಯವಾಗಿ ಬರುವುದಿಲ್ಲ, ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು. ಫೀ ಕಡಿಮೆಯಾಗಲಿ ಎಂದು 15 ಲಕ್ಷಕ್ಕೆ ದಾವೆ ಹೂಡಿದವರು, ನ್ಯಾಯವಾಗಿ 35 ಲಕ್ಷ ಬರಬೇಕಿತ್ತು ಎಂದು ಅಪೀಲಿನಲ್ಲಿ ತೋರಿಸಿದರೂ ಕೈಗೆ ಬರುವುದು 15 ಲಕ್ಷವೇ. ಮೊದಲು ದಾವೆಯ ತಿದ್ದುಪಡಿಗೆ ಅನುಮತಿ ಪಡೆದು, ಹೆಚ್ಚಿನ ಫೀ ತುಂಬಬೇಕು. ಅಪೀಲಿನ ಹಂತದಲ್ಲಿ ತಿದ್ದುಪಡಿ ಸಿಗುವುದು ಅಪರೂಪ, ಅಸಾಧ್ಯವಲ್ಲ.

ಸಮಾಧಾನದ ಮಾತೂ ಒಂದಿದೆ. ಅಪೀಲಿನ ಫೀ ಇಡೀ ದಾವೆಯ ಮೊತ್ತಕ್ಕಲ್ಲ, ಅಪೀಲಿನಲ್ಲಿ ವಿವಾದವಿರುವ ಭಾಗಕ್ಕೆ ಮಾತ್ರ. 30 ಲಕ್ಷ ಕೇಳಿ 12 ಲಕ್ಷ ಸಿಕ್ಕಿದ್ದರೆ ಉಳಿದ 18 ಲಕ್ಷಕ್ಕೆ, ಅಥವಾ ಅದರಲ್ಲಿ ನೀವು ಕೇಳುವ ಭಾಗಕ್ಕೆ. ಹಣವಿಲ್ಲದವರು ಬಡವರಾಗಿ ಅಪೀಲು ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ನೇ ಆದೇಶದಡಿ ಅನುಮತಿ ಕೇಳಬಹುದು. ಇದಕ್ಕಿಂತ ಸುಲಭದ್ದು ಕಾನೂನು ಸೇವಾ ಪ್ರಾಧಿಕಾರದ ನೆರವು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಗಂಡನನ್ನು ಕಳೆದುಕೊಂಡು ಮಕ್ಕಳೊಂದಿಗೆ ಅಪೀಲಿಗೆ ಬಂದ ಹೆಣ್ಣುಮಗಳು ಸಂಬಳದ ಚೀಟಿ ತೋರಿಸಬೇಕಿಲ್ಲ.

ಅಪೀಲಿನಲ್ಲಿ ನಿಲ್ಲುವ ವಾದ ಯಾವುದು

ಅಪೀಲಿನ ಮನವಿಯಲ್ಲಿ ಆಧಾರಗಳನ್ನು ಒಂದೊಂದಾಗಿ, ಅಂಕಿ ಹಾಕಿ, ಚುಟುಕಾಗಿ ಬರೆಯಬೇಕು. ಬರೆಯದ ಆಧಾರವನ್ನು ಕೋರ್ಟಿನ ಅನುಮತಿ ಇಲ್ಲದೆ ವಾದಿಸುವಂತಿಲ್ಲ. "ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧವಾಗಿದೆ" ಎಂಬ ಮಾಮೂಲಿ ಮೊದಲ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲಸಕ್ಕೆ ಬರುವುದು ಇಂಥ ಸಾಲು: "ದೋಣಿ ತಪಾಸಣೆಯ ಸರ್ವೇ ಪ್ರಮಾಣಪತ್ರದಲ್ಲಿ ಇಷ್ಟೇ ಪ್ರಯಾಣಿಕರಿಗೆ ಅನುಮತಿ ಇದ್ದು, ಪಂಚನಾಮೆಯ ಪ್ರಕಾರ ದೋಣಿಯಲ್ಲಿ ಇಷ್ಟು ಜನ ಇದ್ದರೂ, ಕೆಳ ನ್ಯಾಯಾಲಯ ಆ ದಾಖಲೆಯನ್ನು ಚರ್ಚಿಸಿಯೇ ಇಲ್ಲ."

ದೋಣಿ ಮಗುಚಿದ ಪ್ರಕರಣಗಳಲ್ಲಿ ಮಾಲೀಕರ ಕಡೆಯ ನೆಚ್ಚಿನ ಉತ್ತರ, ಏಕಾಏಕಿ ಗಾಳಿ ಬಂತು, ದೈವಕೃತ್ಯ ಎಂಬುದು. ಕೆಳ ಕೋರ್ಟು ಇದನ್ನು ಒಪ್ಪಿದ್ದರೆ ಅಪೀಲಿನಲ್ಲಿ ಬಲವಾಗಿ ಹಿಡಿಯಬೇಕಾದ ಜಾಗ ಇದೇ. ಮನುಷ್ಯರ ಕೈವಾಡ ಏನೂ ಇಲ್ಲದೆ, ಮುಂಗಾಣಲು ಆಗದೆ ಇದ್ದರೆ ಮಾತ್ರ ಅದು ದೈವಕೃತ್ಯ. ಜನ ಹೆಚ್ಚಾದಷ್ಟೂ ದೋಣಿ ನೀರಿನೊಳಗೆ ಇಳಿಯುತ್ತದೆ, ನೀರಿಗೂ ದೋಣಿಯ ಅಂಚಿಗೂ ನಡುವಿನ ಎತ್ತರ ಕುಗ್ಗುತ್ತದೆ. ಮೇಲಿನ ಅಟ್ಟದಲ್ಲಿ ಜನ ಕೂತರೆ ಭಾರದ ಕೇಂದ್ರ ಮೇಲೇರುತ್ತದೆ. ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ಸರಿದರೆ ಆ ಬದಿಯ ಅಂಚು ನೀರಿಗೆ ತಾಗುತ್ತದೆ. ಅಷ್ಟು ಹೊತ್ತಿಗೆ ಸಣ್ಣ ಅಲೆಯೊಂದು ಸಾಕು. ಸರಿಯಾದ ಭಾರದಲ್ಲಿದ್ದ ದೋಣಿ ತಡೆದುಕೊಳ್ಳುತ್ತಿದ್ದ ಗಾಳಿಯೇ ಇದನ್ನು ಮಗುಚಿದ್ದಾದರೆ ಕಾರಣ ಗಾಳಿಯಲ್ಲ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ 12 ಮಕ್ಕಳು, 2 ಶಿಕ್ಷಕಿಯರು ಸತ್ತದ್ದು ಸಮುದ್ರದಲ್ಲಲ್ಲ, ಊರ ನಡುವಿನ ಕೆರೆಯಲ್ಲಿ.

ಜಾಕೆಟಿನ ವಿಷಯದಲ್ಲಿ "ಕೊಟ್ಟಿದ್ದೆವು" ಎಂಬ ಸಾಕ್ಷ್ಯ ಬಂದಿರುತ್ತದೆ. ಪಾಟೀ ಸವಾಲಿನಲ್ಲಿ ಕೇಳಬೇಕಿದ್ದುದು ಎಷ್ಟು ಕೊಟ್ಟರು, ಯಾವ ಅಳತೆಯವು, ಬಕಲ್ ಹಾಕಿಸಿದವರು ಯಾರು ಎಂದು. ದೊಡ್ಡವರ ಜಾಕೆಟ್ ಹಾಕಿಕೊಂಡ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲಕ್ಕೆ ಜಾರುತ್ತದೆ, ಮಗು ಕೆಳಕ್ಕೆ ಜಾರುತ್ತದೆ. ಮರಣೋತ್ತರ ವರದಿಯಲ್ಲೂ ಶವದ ಪಂಚನಾಮೆಯಲ್ಲೂ ಮೈಮೇಲಿದ್ದ ಬಟ್ಟೆಬರೆಯ ವಿವರ ಇರುತ್ತದೆ. ಅಲ್ಲಿ ಜಾಕೆಟಿನ ಉಲ್ಲೇಖವೇ ಇಲ್ಲದಿದ್ದರೆ ಅದು ನಿಮ್ಮ ಪರವಾದ ದಾಖಲೆ. ಕೆಳ ಕೋರ್ಟಿನಲ್ಲಿ ಯಾರೂ ಗಮನಿಸದೆ ಬಿಟ್ಟ ಆ ಒಂದು ಸಾಲಿನ ಮೇಲೆ ಅಪೀಲಿನಲ್ಲಿ ಧಾರಾಳವಾಗಿ ವಾದಿಸಬಹುದು, ಅದು ಈಗಾಗಲೇ ದಾಖಲೆಯಲ್ಲಿರುವುದರಿಂದ.

ಮೃತರೇ ಎದ್ದು ನಿಂತು ಸೆಲ್ಫಿ ತೆಗೆಯುತ್ತಿದ್ದರು ಎಂದು ಹೇಳಿ ಪರಿಹಾರದಲ್ಲಿ ಅರ್ಧ ಕತ್ತರಿಸಿದ್ದರೆ, ಆ ಸಹ-ನಿರ್ಲಕ್ಷ್ಯವನ್ನು ಪ್ರತಿವಾದಿ ತನ್ನ ಲಿಖಿತ ಹೇಳಿಕೆಯಲ್ಲಿ ಎತ್ತಿದ್ದನೇ, ಸಾಬೀತು ಮಾಡಿದನೇ ಎಂದು ನೋಡಬೇಕು. ಆ ಹೊಣೆ ಅವನದು. ಪ್ರಯಾಣಿಕರನ್ನು ಕೂರಿಸಿಯೇ ದೋಣಿ ಬಿಡುವುದು ನಡೆಸುವವನ ಕೆಲಸ.

ಹೊಣೆ ಯಾರದು ಎಂಬುದು ಇನ್ನೊಂದು ಕಗ್ಗಂಟು. ಕೆರೆ ಸ್ಥಳೀಯ ಸಂಸ್ಥೆಯದು, ಬೋಟಿಂಗ್ ಟೆಂಡರ್ ಒಬ್ಬರದು, ದೋಣಿ ಮತ್ತೊಬ್ಬರದು, ನಡೆಸಿದವ ದಿನಗೂಲಿ. ಪೊಲೀಸರ ದೋಷಾರೋಪ ಪಟ್ಟಿಯಲ್ಲಿ ನಡೆಸಿದವನ ಹೆಸರು ಮಾತ್ರ ಇದ್ದುದರಿಂದ ಕೆಳ ಕೋರ್ಟು ಉಳಿದವರನ್ನು ಬಿಟ್ಟಿದ್ದರೆ ಡಿಕ್ರಿ ಬರೀ ಕಾಗದವಾಗುತ್ತದೆ, ಅವನಿಂದ ವಸೂಲಾಗುವುದೇನೂ ಇಲ್ಲ. ಕೆಲಸಗಾರನ ತಪ್ಪಿಗೆ ಮಾಲೀಕ ಹೊಣೆ. ಹಲವರ ತಪ್ಪು ಕೂಡಿದ್ದರೆ ಇಡೀ ಮೊತ್ತವನ್ನು ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದು. 1995ರಲ್ಲಿ ಬಿಯಾಸ್ ನದಿಯಲ್ಲಿ ಪಿಕ್ನಿಕ್‌ಗೆ ಹೋದ 14 ಶಾಲಾಮಕ್ಕಳು ಮುಳುಗಿದ ಪ್ರಕರಣದಲ್ಲಿ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ ಎಂದು 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದು, ಪ್ರತಿ ಮಗುವಿಗೆ 5 ಲಕ್ಷ ರೂಪಾಯಿಯ ಪರಿಹಾರ ಉಳಿಸಿತು. ಟೆಂಡರ್ ಕರಾರಿನಲ್ಲಿ ಸುರಕ್ಷತೆಯ ಷರತ್ತುಗಳೂ ಅದನ್ನು ಪರಿಶೀಲಿಸಬೇಕಾದವರು ಯಾರೆಂಬುದೂ ಇದ್ದರೆ, ಸ್ಥಳೀಯ ಸಂಸ್ಥೆಯನ್ನು ಹಿಡಿಯುವ ಕೊಂಡಿ ಅದೇ. ಎಂಜಿನ್ ದೋಣಿಗಾದರೆ 2021ರ ಒಳನಾಡು ಜಲಯಾನಗಳ ಕಾಯ್ದೆಯಡಿ ನೋಂದಣಿ, ಸರ್ವೇ, ವಿಮೆ ಕಾಗದಗಳು ಇರಬೇಕು. ಹರಿಗೋಲು, ಪೆಡಲ್ ದೋಣಿಗಳಲ್ಲಿ ಕರಾರಿನ ಪ್ರತಿಯ ಬೆಲೆ ಇನ್ನೂ ಹೆಚ್ಚು.

ಅಂಕಿ ತಪ್ಪಿದ್ದು ಎಲ್ಲಿ

ಹೆಚ್ಚಿನ ಅಪೀಲುಗಳು ಮೊತ್ತದ ಮೇಲೆಯೇ ನಿಲ್ಲುತ್ತವೆ. ಒಂದು ಕಲ್ಪಿತ ಲೆಕ್ಕ ನೋಡೋಣ. ಮೃತರಿಗೆ 34 ವರ್ಷ, ಸ್ವಂತ ವೆಲ್ಡಿಂಗ್ ಅಂಗಡಿ, ತಿಂಗಳಿಗೆ 18,000 ರೂಪಾಯಿ ಗಳಿಕೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಕೆಳ ಕೋರ್ಟು ಆದಾಯಕ್ಕೆ ದಾಖಲೆ ಸಾಲದೆಂದು 10,000 ಹಿಡಿಯಿತು, ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆಯಿತು, ವಯಸ್ಸಿಗೆ ತಕ್ಕ ಗುಣಕ 16ರಿಂದ ಗುಣಿಸಿತು: 12,80,000. ಇತರೆ ಬಾಬ್ತು 70,000 ಸೇರಿ 13,50,000.

ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009), ಪ್ರಣಯ್ ಸೇಠಿ (2017) ತೀರ್ಪುಗಳ ಅಳತೆಯಲ್ಲಿ ಇದನ್ನು ಮತ್ತೆ ಮಾಡಿದರೆ: ವರ್ಷದ ಗಳಿಕೆ 2,16,000. ಸ್ವಂತ ಉದ್ಯೋಗ, 40ಕ್ಕಿಂತ ಕಡಿಮೆ ವಯಸ್ಸು, ಆದ್ದರಿಂದ ಮುಂದಿನ ಗಳಿಕೆಯ ನಿರೀಕ್ಷೆಗೆ ಶೇ 40 ಸೇರಿಸಿದರೆ 3,02,400. ಅವಲಂಬಿತರು ನಾಲ್ವರು, ಕಳೆಯಬೇಕಾದದ್ದು ಮೂರನೇ ಒಂದಲ್ಲ, ನಾಲ್ಕನೇ ಒಂದು: ಉಳಿಯುವುದು 2,26,800. 31ರಿಂದ 35ರ ವಯಸ್ಸಿಗೆ ಗುಣಕ 16: 36,28,800. ಆದಾಯ, ನಿರೀಕ್ಷೆ, ಕಡಿತ ಎಂಬ ಮೂರು ಜಾಗದ ತಪ್ಪಿಗೆ 23 ಲಕ್ಷಕ್ಕೂ ಮಿಕ್ಕಿದ ವ್ಯತ್ಯಾಸ. ಗುಣಕದಲ್ಲಿ ಕೆಳ ಕೋರ್ಟು ತಪ್ಪಿಲ್ಲ, ಹಾಗಾಗಿ ಅದರ ಬಗ್ಗೆ ಆಧಾರ ಬರೆದು ಪುಟ ತುಂಬಿಸುವ ಅಗತ್ಯವಿಲ್ಲ.

ಇಲ್ಲಿಯೂ ಎಚ್ಚರ ಬೇಕು. ಇವೆಲ್ಲ ಮೋಟಾರು ವಾಹನ ಪ್ರಕರಣಗಳ ತೀರ್ಪುಗಳು. ಅವಲಂಬನೆಯ ನಷ್ಟ ಅಳೆಯಲು ಗುಣಕ ಪದ್ಧತಿಯನ್ನು ಕೋರ್ಟುಗಳು ಬೇರೆ ಸಾವುಗಳಿಗೂ ಬಳಸಿವೆ. ಆದರೆ ಸಾಂಗತ್ಯ ನಷ್ಟಕ್ಕೆ ತಲಾ 40,000, ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ ಎಂಬ ಸಿದ್ಧ ಅಂಕಿಗಳನ್ನು 1855ರ ಕಾಯ್ದೆಯ ದಾವೆಗೆ ತಂದರೆ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಅವನ್ನು ಹಕ್ಕಿನಂತೆ ಕೇಳುವುದಕ್ಕಿಂತ ನ್ಯಾಯಯುತ ಅಳತೆಗೆ ಮಾರ್ಗದರ್ಶಿ ಎಂದು ಮುಂದಿಡುವುದೇ ಜಾಣತನ. ಬಲವನ್ನೆಲ್ಲ ಆದಾಯದ ಮೇಲೆ ಹಾಕಬೇಕು: ಜಿ.ಎಸ್.ಟಿ. ಅಥವಾ ಉದ್ಯಮ್ ನೋಂದಣಿ, ಬ್ಯಾಂಕ್ ಪಾಸ್‌ಬುಕ್ಕು, ಯು.ಪಿ.ಐ. ಜಮೆಗಳು, ಅಂಗಡಿ ಬಾಡಿಗೆ ಕರಾರು.

ಬಡ್ಡಿಯನ್ನು ಮರೆಯುವವರೇ ಹೆಚ್ಚು. ದಾವೆ ಹೂಡಿದ ದಿನದಿಂದ ಬಡ್ಡಿ ಕೊಡದೆ ತೀರ್ಪಿನ ದಿನದಿಂದ ಕೊಟ್ಟಿದ್ದರೆ, 13,50,000ಕ್ಕೆ ಶೇ 6ರಂತೆ ವರ್ಷಕ್ಕೆ 81,000. ದಾವೆ 5 ವರ್ಷ ನಡೆದಿದ್ದರೆ 4,05,000 ಹೋಯಿತು. ಇದಕ್ಕೆ ಬೇರೆಯೇ ಆಧಾರ ಬರೆಯಬೇಕು.

ಮಾಲೀಕರೇ ಅಪೀಲು ಹೋದಾಗ

ಅಪೀಲು ದಾಖಲಾದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ತಡೆಯಾಜ್ಞೆ ಬರುವವರೆಗೆ ಡಿಕ್ರಿಯ ಹಣ ವಸೂಲಿಗೆ ಅಮಲ್ಜಾರಿ ಅರ್ಜಿ ಹಾಕಬಹುದು, ದೋಣಿಯನ್ನೂ ಜಪ್ತಿ ಮಾಡಿಸಬಹುದು. ಹಣದ ಡಿಕ್ರಿಗೆ ತಡೆ ಕೇಳುವವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದಡಿ ಕೋರ್ಟು ಸಾಮಾನ್ಯವಾಗಿ ಠೇವಣಿಯನ್ನೋ ಭದ್ರತೆಯನ್ನೋ ಕೇಳುತ್ತದೆ. ಎಷ್ಟು ಎಂಬುದು ಆಯಾ ಪೀಠದ ವಿವೇಚನೆ. ಆ ದಿನ ನಿಮ್ಮ ವಕೀಲರು ಹಾಜರಿದ್ದು, ಮಾಲೀಕರು ದೋಣಿ ಮಾರುತ್ತಿದ್ದಾರೆ ಎಂಬಂಥ ಸಂಗತಿ ಇದ್ದರೆ ತಿಳಿಸಬೇಕು, ಠೇವಣಿಯ ಒಂದು ಭಾಗವನ್ನು ಕುಟುಂಬಕ್ಕೆ ಬಿಡುಗಡೆ ಮಾಡಲೂ ಕೇಳಬೇಕು. ವಾಹನ ಪ್ರಕರಣದ ಅಪೀಲಿನಲ್ಲಿ ವಿಮೆ ಕಂಪನಿ 25,000 ಅಥವಾ ಅರ್ಧ, ಎರಡರಲ್ಲಿ ಕಡಿಮೆಯದನ್ನು ಕಟ್ಟಿದರೆ ಸಾಕು. ಗ್ರಾಹಕ ಕಾಯ್ದೆಯಲ್ಲಿ ಹಾಗಿಲ್ಲ: ಹಣ ಕೊಡಬೇಕಾದವರು ಆದೇಶದ ಮೊತ್ತದ ಶೇ 50 ಕಟ್ಟದೆ ಅಪೀಲು ಸ್ವೀಕಾರವೇ ಆಗದು. ಹೆಚ್ಚಿನ ಪರಿಹಾರ ಕೇಳಿ ಹೋಗುವ ಕುಟುಂಬಕ್ಕೆ ಈ ಠೇವಣಿಯ ಭಾರ ಇಲ್ಲ.

ಮೊತ್ತ ಕಡಿಮೆಯಾಯಿತು ಅನಿಸಿದರೂ ಸುಮ್ಮನಿದ್ದ ಕುಟುಂಬಕ್ಕೆ ಮಾಲೀಕರ ಅಪೀಲೇ ಎರಡನೆಯ ಅವಕಾಶ ತರುತ್ತದೆ. ನೋಟಿಸ್ ಜಾರಿಯಾದ ಒಂದು ತಿಂಗಳೊಳಗೆ ಎದುರು ಆಕ್ಷೇಪಣೆ, ಅಂದರೆ ವಕೀಲರ ಮಾತಿನಲ್ಲಿ ಕ್ರಾಸ್ ಆಬ್ಜೆಕ್ಷನ್, ಹಾಕಬಹುದು. ಮಾಲೀಕರು ಆಮೇಲೆ ಅಪೀಲು ಹಿಂತೆಗೆದುಕೊಂಡರೂ ಅದು ಬದುಕಿರುತ್ತದೆ. ಗ್ರಾಹಕ ಕಾಯ್ದೆಯಲ್ಲಿ ಇಂಥ ವಿಧಿ ಬರೆದಿಲ್ಲವಾದ್ದರಿಂದ ಅಲ್ಲಿ 45 ದಿನದೊಳಗೆ ಪ್ರತ್ಯೇಕ ಅಪೀಲು ಹಾಕಿಬಿಡುವುದೇ ಕ್ಷೇಮ.

ಕ್ರಿಮಿನಲ್ ಕೋರ್ಟಿನಲ್ಲಿ ನಡೆಸಿದವ ಖುಲಾಸೆಯಾದ ಎಂಬುದು ಮಾಲೀಕರ ಅಪೀಲಿನಲ್ಲಿ ತಪ್ಪದೆ ಬರುವ ಮಾತು. ಅಲ್ಲಿ ಸಂಶಯಾತೀತ ಪುರಾವೆ ಬೇಕು, ಸಿವಿಲ್ ಕೋರ್ಟಿನಲ್ಲಿ ಸಂಭವದ ತೂಕ ಸಾಕು. ಆ ಖುಲಾಸೆಯ ಮೇಲೆ ಕುಟುಂಬವೂ ಬಲಿಪಶುವಿನ ಹಕ್ಕಿನಿಂದ ಬೇರೆ ಅಪೀಲು ಹೋಗಬಹುದು, ಅದು ಈ ಅಪೀಲಿಗೆ ಕಾಯಬೇಕಿಲ್ಲ.

ಹೊಸ ದಾಖಲೆ ಸೇರಿಸುವುದು ಅಂದುಕೊಂಡಷ್ಟು ಸಲೀಸಲ್ಲ. 41ನೇ ಆದೇಶದ 27ನೇ ನಿಯಮ ಮೂರೇ ಸಂದರ್ಭಗಳಲ್ಲಿ ಬಾಗಿಲು ತೆರೆಯುತ್ತದೆ: ಕೆಳ ಕೋರ್ಟು ತಪ್ಪಾಗಿ ನಿರಾಕರಿಸಿದ್ದರೆ, ತಕ್ಕ ಶ್ರದ್ಧೆ ವಹಿಸಿದರೂ ಆಗ ಸಿಗದಿದ್ದರೆ, ಅಥವಾ ತೀರ್ಪು ಕೊಡಲು ಮೇಲಿನ ಕೋರ್ಟಿಗೇ ಅದು ಬೇಕೆನಿಸಿದರೆ. ತೀರ್ಪಿನ ನಂತರ ಹೊರಬಿದ್ದ ಇಲಾಖಾ ತನಿಖೆಯ ವರದಿಗೆ ಅವಕಾಶ ಇದೆ. ಮೊದಲಿನಿಂದಲೂ ಸಂಬಂಧಿಕರ ಮೊಬೈಲಿನಲ್ಲಿದ್ದ ವಿಡಿಯೋಗೆ ಕಷ್ಟ. ಅದನ್ನು ತಂದರೂ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಬೇಕೇ ಬೇಕು.

ಅಪೀಲು ನಡೆಯುವ ವರ್ಷಗಳಲ್ಲಿ ಮನೆಯಲ್ಲೂ ಬದಲಾವಣೆಗಳಾಗುತ್ತವೆ. ಮೃತರ ವಯಸ್ಸಾದ ತಾಯಿ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರುವ ಅರ್ಜಿ ಬೇಕು. ದಾವೆಯ ಹೊತ್ತಿಗೆ ಚಿಕ್ಕವನಿದ್ದ ಮಗ 18 ತುಂಬಿದರೆ ಅದನ್ನು ಕೋರ್ಟಿಗೆ ತಿಳಿಸಿ ಅವನದೇ ವಕಾಲತ್ತು ಹಾಕಿಸಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟ್ ಫೀ ಮರಳುತ್ತದೆ, ಹಣವೂ ಬೇಗ ಬರುತ್ತದೆ, ಆದರೆ ಆ ಅವಾರ್ಡಿನ ಮೇಲೆ ಅಪೀಲು ಇಲ್ಲ. ಅಪ್ರಾಪ್ತ ಮಕ್ಕಳ ಪಾಲಿನ ರಾಜಿಗೆ ಕೋರ್ಟಿನ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯದಿದ್ದರೆ ಮಕ್ಕಳು ಅದನ್ನು ರದ್ದುಪಡಿಸಬಹುದು. ಅನುಮತಿ ಸಿಕ್ಕ ಮೇಲೂ ಅವರ ಪಾಲು ಸಾಮಾನ್ಯವಾಗಿ 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಯಲ್ಲಿ ಇರುತ್ತದೆ. ನಡುವೆ ಶಾಲೆಯ ಫೀಗೆಂದು ಬಡ್ಡಿಯನ್ನು ಬಿಡುಗಡೆ ಮಾಡಿಸಿಕೊಳ್ಳಲು ತಾಯಿ ಪ್ರತ್ಯೇಕ ಅರ್ಜಿ ಕೊಡಬಹುದು.